ಅರ್ಧ ಗ್ಯಾರೇಜಿನ ಮೇಸ್ತ್ರಿ

ಅವನ ಶೆಡ್ಡಿಗೆ ಜನ ಇಟ್ಟ ಹೆಸರು ಅರ್ಧ ಗ್ಯಾರೇಜು. ಶೆಡ್ಡೇನೂ ಅರ್ಧವಾಗಿರಲಿಲ್ಲ. ಮೂರು ಗಾಡಿ ಒಟ್ಟಿಗೆ ನಿಲ್ಲುವಷ್ಟು ಜಾಗ, ಮೇಲೆ ತಗಡಿನ ಮಾಡು, ನಡುವೆ ಗಾಡಿಯಡಿ ಇಳಿದು ನಿಲ್ಲುವ ಗುಂಡಿ, ಹಿಂಬದಿಯಲ್ಲಿ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ತುದಿಗೆ ಅವನು ವಾಸವಿದ್ದ ಎರಡು ಕೋಣೆ. ಅರ್ಧವಾಗಿದ್ದದ್ದು ಕೆಲಸ. ಬಾಗಿಲ ಪಕ್ಕದ ಬೋರ್ಡಿನಲ್ಲಿ ‘ಎಂಜಿನ್ ಕೆಲಸ ಮಾತ್ರ’ ಎಂದು ಬರೆದಿತ್ತು. ಬ್ರೇಕು ಸರಿಯಿಲ್ಲವೆಂದು ಯಾರಾದರೂ ಬಂದರೆ ಅವನು ಎಂಜಿನ್ನಿನಿಂದ ತಲೆಯನ್ನೂ ಎತ್ತದೆ, “ಅದು ಇಬ್ಬರು ಮಾಡೋ ಕೆಲಸ, ನಾನು ಒಬ್ಬ” ಎನ್ನುತ್ತಿದ್ದ. ಎದುರು ಸಾಲಿನ ಟೈರ್ ಅಂಗಡಿಯವನಿಗೆ ಇದೊಂದು ತಮಾಷೆ. “ಅಲ್ಲಿ ಗಾಡಿ ಓಡೋ ಹಾಗೆ ಮಾಡಿ ಕೊಡ್ತಾರೆ. ನಿಲ್ಲಿಸೋದು ನಿಮ್ಮ ಹಣೆಬರಹ” ಎಂದು ಗಿರಾಕಿಗಳಿಗೆ ಹೇಳಿ ನಗುತ್ತಿದ್ದ.

ಹನ್ನೊಂದು ವರ್ಷದ ಕೆಳಗೆ ಅದು ಇಡೀ ಗ್ಯಾರೇಜೇ ಆಗಿತ್ತು. ಸೋದರಮಾವನಿಂದ ಬಂದ ಶೆಡ್ಡು. ಅಲ್ಲಿ ಕೆಲಸ ಕಲಿತವರು ಅಣ್ಣ ತಮ್ಮ ಇಬ್ಬರು. ಬಾನೆಟ್ಟಿನ ಅಡಿಯದೆಲ್ಲ ಅಣ್ಣನದು, ಅಂದರೆ ಈ ಮೇಸ್ತ್ರಿಯದು. ಬ್ರೇಕು, ಕ್ಲಚ್ಚು, ಸ್ಟಿಯರಿಂಗು, ಒಟ್ಟಿನಲ್ಲಿ ಬೆನ್ನ ಮೇಲೆ ಮಲಗಿ ಮಾಡುವ ಕೆಲಸವೆಲ್ಲ ತಮ್ಮನದು. ಜೋಡೆತ್ತು ಎನ್ನುತ್ತಿದ್ದರು ಜನ. ತಮ್ಮನಿಗೆ ಮದುವೆಯಾಯಿತು, ಹೆಣ್ಣುಮಗು ಹುಟ್ಟಿತು. ಅಣ್ಣನಿಗೂ ಎರಡು ಸಲ ಮಾತುಕತೆ ನಡೆದು, ಎರಡು ಸಲವೂ ಏನೋ ಒಂದು ನೆಪಕ್ಕೆ ಮುರಿದುಬಿತ್ತು. ಅವನು ಅದನ್ನು ದೊಡ್ಡದು ಮಾಡಲಿಲ್ಲ. ಮೇಲಿನ ಎರಡು ಕೋಣೆಯಲ್ಲಿ ನಾಲ್ವರು ಇದ್ದರು, ಉಸಿರಾಡಲೂ ಜಾಗವಿಲ್ಲದಷ್ಟು ಗಲಾಟೆ ಇತ್ತು, ಮಗು ಅವನ ಎಣ್ಣೆಮೆತ್ತಿದ ಬೆರಳು ಹಿಡಿದು ಮೆಟ್ಟಿಲು ಇಳಿಯುತ್ತಿತ್ತು. ಇದಕ್ಕಿಂತ ಹೆಚ್ಚಿನ ಸಂಸಾರ ತನಗೆ ಯಾಕೆ ಎಂದುಕೊಂಡಿದ್ದ.

ಆಮೇಲೆ ಆ ಬ್ರೆಡ್ ವ್ಯಾನಿನ ವಿಷಯ ನಡೆಯಿತು. ಬೇಕರಿಯ ವ್ಯಾನು, ತಮ್ಮ ಅದಕ್ಕೆ ಹೊಸ ಬ್ರೇಕ್ ಲೈನಿಂಗ್ ಹಾಕಿ ಎರಡು ವಾರವಾಗಿತ್ತು. ಇಳಿಜಾರಿನಲ್ಲಿ ಬ್ರೇಕು ಹತ್ತದೆ ಸೇತುವೆಯ ಕಟ್ಟೆಗೆ ಗುದ್ದಿತು. ಡ್ರೈವರನ ಒಂದು ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ತನಿಖೆಗೆ ಬಂದ ಇನ್ಸ್‌ಪೆಕ್ಟರು ಶೆಡ್ಡಿನ ನಡುವೆ ನಿಂತು, “ಬ್ರೇಕ್ ಕೆಲಸ ಮಾಡಿದವರು ಯಾರು?” ಎಂದರು. ಅಣ್ಣ ಒಂದು ಗಳಿಗೆಯೂ ತಡೆಯಲಿಲ್ಲ. “ನನ್ನ ತಮ್ಮ ಸಾರ್. ನಾನು ಎಂಜಿನ್ ಮಾತ್ರ.”

ಸುಳ್ಳೇನಲ್ಲ. ಆದರೆ ಆ ಮಾತಿನ ಹಿಂದೆ ಇನ್ನೊಂದು ಮಾತು ಬರಬೇಕಿತ್ತು. ‘ಅವನ ಕೈ ಶುದ್ಧ ಸಾರ್’ ಎನ್ನಬಹುದಿತ್ತು. ‘ಶೆಡ್ಡು ನಮ್ಮಿಬ್ಬರದು, ಕೇಳೋದಿದ್ದರೆ ಇಬ್ಬರನ್ನೂ ಕೇಳಿ’ ಎನ್ನಬಹುದಿತ್ತು. ಬರಲಿಲ್ಲ. ತಮ್ಮ ಎರಡು ದಿನ ಠಾಣೆಯಲ್ಲಿ ಕೂತ, ಮೂರು ವರ್ಷ ಕೋರ್ಟಿಗೆ ಅಲೆದ, ಕೊನೆಗೆ ತಪ್ಪು ಅವನದೆಂದು ತೋರಿಸಲು ಆಧಾರವಿಲ್ಲವೆಂದು ಕೇಸು ಬಿದ್ದುಹೋಯಿತು. ಠಾಣೆಯಿಂದ ಬಂದ ವಾರವೇ ಅವನು ಹೆಂಡತಿ ಮಗಳನ್ನು ಕರೆದುಕೊಂಡು ಊರಿನ ಆ ತುದಿಯ ಬಸ್ ಡಿಪೋ ಹತ್ತಿರ ಮನೆ ಮಾಡಿದ್ದ. ಡಿಪೋದಲ್ಲೇ ಬ್ರೇಕ್ ವಿಭಾಗದಲ್ಲಿ ಕೆಲಸವೂ ಸಿಕ್ಕಿತು. ಅಣ್ಣ ತಮ್ಮ ಅಂದಿನಿಂದ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ. ಅದೇ ವಾರ ಮೇಸ್ತ್ರಿ ಬೋರ್ಡು ಬದಲಿಸಿದ.

ಒಬ್ಬನೇ ಇರುವುದು ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಅಭ್ಯಾಸವೇನೋ ಆಯಿತು, ಆದರೆ ಒಂದೊಂದು ಕಡೆ ಸುಕ್ಕು ಉಳಿದೇ ಹೋಯಿತು. ಅಡುಗೆಗೆ ಅಕ್ಕಿ ಅಳೆಯುವಾಗ ಕೈ ತಾನಾಗಿ ಎರಡನೆಯ ಪಾವಿಗೆ ಹೋಗುತ್ತಿತ್ತು. ಕೆಳಗೆ ಕೆಲಸಕ್ಕೆ ಇಳಿಯುವಾಗ ಮೇಲೆ ರೇಡಿಯೋ ಹಾಡುತ್ತಿರುವಂತೆಯೇ ಬಿಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಹತ್ತಿದಾಗ ಒಳಗೆ ಯಾರೋ ಮಾತಾಡುತ್ತಿರಬೇಕು, ಅಷ್ಟೆ. ಗಾಡಿಗಳ ಜೊತೆ ಮಾತ್ರ ಧಾರಾಳವಾಗಿ ಮಾತಾಡುತ್ತಿದ್ದ. “ಏನಪ್ಪಾ ನಿಂದು ಗೋಳು?”, “ಸುಮ್ನಿರು, ಬಿಚ್ತಾ ಇದೀನಲ್ಲ”, “ಯಾವನು ನಿಂಗೆ ಈ ನಟ್ಟು ಹಾಕಿದವನು?” ಹೀಗೆ. ಗಿರಾಕಿ ಎದುರಿಗೆ ಬಂದರೆ ಮಾತು ನಿಂತುಬಿಡುತ್ತಿತ್ತು.

ಗುಡ್ಡದ ಆಸ್ಪತ್ರೆಯ ಸಿಸ್ಟರ್ ಅವನಲ್ಲಿಗೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ದನಿ, ಕಾಲಿಗೆ ಗಂಡಸರ ಬೂಟು. ಗುಡ್ಡದ ಮೇಲಿನ ಹಳ್ಳಿಗಳಿಗೆ ಔಷಧ, ಸೂಜಿಮದ್ದು ಹೊತ್ತು ತಾನೇ ಗಾಡಿ ಓಡಿಸಿಕೊಂಡು ಹೋಗುವವಳು. ಗಾಡಿ ಒಂದು ಹಳೆಯ ಡೀಸೆಲ್ ಜೀಪು, ನಾಲ್ಕೂ ಚಕ್ರ ಎಳೆಯುವಂಥದ್ದು. ಬಣ್ಣ ಯಾವುದಿತ್ತೆಂದು ಹೇಳಲಾಗದಷ್ಟು ಮಾಸಿತ್ತು.

“ಇದಕ್ಕೂ ನಂಗೂ ಒಂದೇ ಕಾಯಿಲೆ ಮೇಸ್ತ್ರಿ,” ಎಂದಳು ಕೆಳಗಿಳಿಯುತ್ತ. “ಏರು ಹತ್ತಿದ್ರೆ ಏದುಸಿರು. ಇಪ್ಪತ್ತು ನಿಮಿಷ ಸಲೀಸಾಗಿ ಹೋಗುತ್ತೆ. ಆಮೇಲೆ ಗೊಕ್ ಗೊಕ್ ಅಂತ ಕೆಮ್ಮಿ ನಿಂತೇ ಹೋಗುತ್ತೆ. ಹತ್ತು ನಿಮಿಷ ಸುಮ್ನೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟು. ಕಳ್ಳ ಬೆಕ್ಕು!”

“ಯಾರಿಗಾದ್ರೂ ತೋರಿಸಿದ್ರಾ?”

“ಇಬ್ಬರಿಗೆ. ಒಬ್ಬ ಫಿಲ್ಟರ್ ಹಾಕಿದ. ಇನ್ನೊಬ್ಬ ಪಂಪೇ ಬದಲಾಯಿಸಿದ. ಮೂರು ತಿಂಗಳಾಯ್ತು, ರೋಗ ಹಾಗೇ ಇದೆ, ರೋಗಿ ಮಾತ್ರ ಸೊರಗಿದಾಳೆ.”

ಮೇಸ್ತ್ರಿಗೆ ನಗು ಬಂತು. ನಗುವುದು ಮರೆತು ಬಹಳ ದಿನವಾಗಿತ್ತೋ ಏನೋ, ಅದು ಅರ್ಧಕ್ಕೇ ನಿಂತಿತು. ಗಾಡಿ ಬಿಟ್ಟು ಹೋಗಲು ಹೇಳಿದ.

ಶನಿವಾರವೆಲ್ಲ ಅವನು ಅದರ ಬೆನ್ನು ಹತ್ತಿದ. ಫಿಲ್ಟರ್ ಬಿಚ್ಚಿ ಗಾಜಿನ ಲೋಟಕ್ಕೆ ಡೀಸೆಲ್ ಬಸಿದು ಬೆಳಕಿಗೆ ಹಿಡಿದು ನೋಡಿದ, ನೀರಿಲ್ಲ, ಕಸವಿಲ್ಲ. ಪಂಪಿನ ವಾಷರುಗಳನ್ನು ಬದಲಿಸಿದ. ಎಲ್ಲಿಂದಾದರೂ ಗಾಳಿ ನುಸುಳುತ್ತಿದೆಯೇ ಎಂದು ಕೊಳವೆಯ ಒಂದೊಂದು ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದ. ಆಮೇಲೆ ಎಂಜಿನ್ ಶುರುಮಾಡಿ ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. ಒಂದು ಗಂಟೆ ಕಳೆಯಿತು. ಜೀಪು ಗಡಿಯಾರದ ಹಾಗೆ ಟಕಟಕ ಎಂದು ಓಡುತ್ತಲೇ ಇತ್ತು.

“ನನ್ನೆದುರಿಗೆ ಸಭ್ಯಸ್ಥ ನೀನು,” ಎಂದ ಅದಕ್ಕೆ. “ಇರಲಿ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ನಾಳೆ ಏರಿನಲ್ಲಿ ನೋಡ್ಕೋತೀನಿ.”

ಭಾನುವಾರ ಬೆಳಿಗ್ಗೆ ಸಿಸ್ಟರ್ ಓಡಿಸಿದಳು, ಮೇಸ್ತ್ರಿ ಪಕ್ಕದಲ್ಲಿ ಕೂತ. ಊರು ದಾಟಿ ರಸ್ತೆ ಏರತೊಡಗಿತು. ಸಿಸ್ಟರ್ ಮಾತಾಡಿದಳು, ಅವನು ಹೂಂಗುಟ್ಟಿದ. ಹದಿನೆಂಟನೆಯ ನಿಮಿಷಕ್ಕೆ ಎಂಜಿನ್ನಿನ ದನಿ ಇಳಿಯಿತು. ಗೊಕ್ಕೆಂದಿತು. ಸತ್ತಿತು.

“ನೋಡಿದ್ರಾ? ನಾನು ಹೇಳಿದ್ದು ಸುಳ್ಳಲ್ಲ!” ಎಂದಳು ಸಿಸ್ಟರ್, ಗಾಡಿ ಕೆಟ್ಟದ್ದಕ್ಕೆ ಒಂದು ಬಗೆಯ ಗೆಲುವಿನಲ್ಲಿ.

ಮೇಸ್ತ್ರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಫಿಲ್ಟರಿನ ತಲೆಯ ಸಣ್ಣ ಸ್ಕ್ರೂ ಸಡಿಲಿಸಿ ಪಂಪನ್ನು ಕೈಯಿಂದ ಒತ್ತಿದ. ಡೀಸೆಲ್ ಬರಲಿಲ್ಲ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ಲಿದೆ, ದಾರಿಯಲ್ಲಿ ಎಲ್ಲೂ ತಡೆಯಿಲ್ಲ, ಆದರೂ ಬರುತ್ತಿಲ್ಲ. ಬಗ್ಗಿ ನಿಂತೇ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಹಿಂದಕ್ಕೆ ನಡೆದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಹುಸ್ಸೆಂದು ಗಾಳಿ ಒಳಗೆ ನುಗ್ಗಿತು, ಮುಳುಗಿದವನು ಮೇಲೆ ಬಂದು ಉಸಿರೆಳೆದ ಹಾಗೆ.

“ಈಗ ಹೊಡೀರಿ ಸ್ಟಾರ್ಟು.”

ಹತ್ತು ನಿಮಿಷ ಕಾಯಬೇಕಾಗಲಿಲ್ಲ. ಪಂಪನ್ನು ನಾಲ್ಕು ಸಲ ಒತ್ತಿದ್ದೇ ತಡ, ಎಂಜಿನ್ ಎದ್ದು ಕೂತಿತು.

“ಉಸಿರು ಕಟ್ಟುತ್ತಿದೆ ಇದಕ್ಕೆ,” ಎಂದ ಮೇಸ್ತ್ರಿ. “ಡೀಸೆಲ್ ಖಾಲಿಯಾದ ಹಾಗೆಲ್ಲ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೇ ಅಂತ ಟ್ಯಾಂಕಿಗೊಂದು ಸಣ್ಣ ಕೊಳವೆ ಇರುತ್ತೆ. ಅದು ಕಟ್ಟಿಕೊಂಡಿದೆ. ಏರಿನಲ್ಲಿ ಡೀಸೆಲ್ ಜಾಸ್ತಿ ಬೇಕು, ಬೇಗ ಉಸಿರು ಕಟ್ಟುತ್ತೆ. ಸುಮ್ನೆ ನಿಂತಾಗ ಎಲ್ಲಿಂದಲೋ ಚೂರು ಚೂರೇ ಗಾಳಿ ಸೇರುತ್ತೆ, ಮತ್ತೆ ಬದುಕುತ್ತೆ.”

“ಅಷ್ಟೇನಾ! ಇಷ್ಟಕ್ಕೆ ಪಂಪೇ ಬದಲಾಯಿಸಿದ್ನಲ್ಲ ಆ ಮಹಾನುಭಾವ!”

ಶೆಡ್ಡಿಗೆ ಇಳಿದು ಬಂದು ಜೀಪನ್ನು ಗುಂಡಿಯ ಮೇಲೆ ನಿಲ್ಲಿಸಿದರು. ಮೇಸ್ತ್ರಿ ದೀಪ ಹಿಡಿದು ಅಡಿಗೆ ಇಳಿದ. ಗಾಳಿಯ ಕೊಳವೆ ಟ್ಯಾಂಕಿನಿಂದ ಹೊರಟು ಗಾಡಿಯ ಅಡಿಚೌಕಟ್ಟಾದ ಚಾಸಿಯ ಮೇಲೆ ಹಾದು ಹಿಂದಿನ ಬಲಚಕ್ರದ ಬಳಿ ಕೊನೆಗೊಂಡಿತ್ತು. ಅದರ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಬೆರಳ ತುದಿಯಷ್ಟು ಮಣ್ಣು, ಕಲ್ಲಿನ ಹಾಗೆ ಒಣಗಿತ್ತು. ತಂತಿ ಹಾಕಿ ಕೆದಕಿ ಬಾಯಿಂದ ಊದಿದ. ದಾರಿ ಬಿಟ್ಟಿತು. ಮೂರು ತಿಂಗಳ ಕಾಯಿಲೆ ಎರಡು ನಿಮಿಷದಲ್ಲಿ ವಾಸಿ.

ದೀಪವನ್ನು ಹಿಂದಕ್ಕೆ ಎಳೆಯುವಾಗ ಅದರ ಬೆಳಕು ಒಂದು ಕಡೆ ನಿಂತಿತು. ಹಿಂದಿನ ಆಕ್ಸಲ್ಲಿಗೆ ಹೋಗುವ ಬ್ರೇಕಿನ ಉಕ್ಕಿನ ಪೈಪು, ಚಾಸಿಗೆ ಕ್ಲಿಪ್ ಹಾಕಿ ಹಿಡಿಸಿದ ಜಾಗದಲ್ಲಿ ಉಬ್ಬಿತ್ತು. ಉಗುರಿನಿಂದ ಕೆರೆದ. ಈರುಳ್ಳಿ ಸಿಪ್ಪೆಯ ಹಾಗೆ ತುಕ್ಕು ಪದರ ಪದರವಾಗಿ ಉದುರಿತು. ಅದರಡಿ ತೇವ. ಬೆರಳಿಗೆ ಹತ್ತಿದ್ದನ್ನು ಮೂಸಿದ. ಬ್ರೇಕ್ ಆಯಿಲ್. ಮುಂದಕ್ಕೆ ತಡವುತ್ತ ಹೋದ. ಕ್ಲಚ್ಚಿನ ಪೈಪೂ ಹಾಗೇ, ಕ್ಲಿಪ್ಪು ಇದ್ದ ಕಡೆಯಲ್ಲೆಲ್ಲ ತಿಂದುಹೋಗಿತ್ತು. ಈ ಬ್ರೇಕನ್ನು ನಂಬಿಕೊಂಡು ಇಬ್ಬರೂ ಈಗ ತಾನೆ ಗುಡ್ಡ ಇಳಿದು ಬಂದಿದ್ದರು.

ಅವನು ಕೈ ಹಿಂದಕ್ಕೆಳೆದುಕೊಂಡ. ಹೆದರಿಕೆ ಈ ಜೀಪಿಗಾಗಿ ಮಾತ್ರವಲ್ಲ.

ಹನ್ನೊಂದು ವರ್ಷದಿಂದ ಅವನು ಯಾರಿಗೂ ಹೇಳದ ಮಾತೊಂದಿತ್ತು. ಬ್ರೆಡ್ ವ್ಯಾನು ಗುದ್ದುವುದಕ್ಕೆ ನಾಲ್ಕು ದಿನ ಮೊದಲು ಅದು ಎಂಜಿನ್ ಆಯಿಲ್ ಬದಲಿಸಲು ಶೆಡ್ಡಿಗೆ ಬಂದಿತ್ತು. ತಮ್ಮ ಅಂದು ಮಗಳಿಗೆ ಜ್ವರವೆಂದು ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದ. ಮೇಸ್ತ್ರಿ ಹೀಗೇ ಗುಂಡಿಯಲ್ಲಿ ನಿಂತು ಹಳೆಯ ಆಯಿಲ್ ಇಳಿಯುವುದನ್ನು ಕಾಯುತ್ತಿದ್ದಾಗ ಕಣ್ಣು ಅತ್ತ ಹೋಗಿತ್ತು. ಹಿಂದಿನ ಬಲಚಕ್ರದ ಮೇಲೆ, ಕ್ಲಿಪ್ಪಿನಡಿ, ಪೈಪು ಉಬ್ಬಿತ್ತು. ‘ತಮ್ಮನಿಗೆ ಹೇಳಬೇಕು’ ಎಂದುಕೊಂಡ. ಆಯಿಲ್ ಹಾಕಿದ, ಗಾಡಿ ಬಿಟ್ಟುಕೊಟ್ಟ. ಸಂಜೆ ತಮ್ಮ ಬಂದಾಗ ಮಗುವಿನ ಜ್ವರದ ಮಾತಾಯಿತು. ಮರುದಿನ ಇನ್ನೇನೋ ಆಯಿತು. ನಾಲ್ಕನೆಯ ದಿನ ವ್ಯಾನು ಗುದ್ದಿತು, ಒಡೆದಿದ್ದದ್ದು ಅದೇ ಪೈಪು. ಇನ್ಸ್‌ಪೆಕ್ಟರು ಕೇಳಿದಾಗ ಅವನ ಬಾಯಿಂದ ಅಷ್ಟು ಬೇಗ ಉತ್ತರ ಬಂದದ್ದು ಅದಕ್ಕೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ಮೇಸ್ತ್ರೀ, ಆಯ್ತಾ? ಹೊರಡಬಹುದಾ?” ಮೇಲಿನಿಂದ ಸಿಸ್ಟರ್ ಕೂಗಿದಳು.

ಅವನು ಗುಂಡಿ ಹತ್ತಿ ಬಂದ. ಬಟ್ಟೆಯಲ್ಲಿ ಕೈ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. “ಗಾಡಿ ಬಿಡಕ್ಕಾಗಲ್ಲ ಸಿಸ್ಟರ್.”

“ಯಾಕೆ? ಈಗ ತಾನೆ ಸರಿಯಾಯ್ತು ಅಂದ್ರಿ?”

“ಬ್ರೇಕಿನ ಪೈಪು ಹೋಗಿದೆ. ಕ್ಲಚ್ಚಿಂದೂ. ಯಾವತ್ತು ಒಡೆಯುತ್ತೆ ಹೇಳಕ್ಕಾಗಲ್ಲ.”

“ಮಂಗಳವಾರ ಮೇಲಿನ ಹಳ್ಳೀಲಿ ಮಕ್ಕಳಿಗೆ ಸೂಜಿ ಇದೆ ನಂಗೆ.” ಅವಳು ಬೋರ್ಡಿನ ಕಡೆ ಕೈ ತೋರಿಸಿದಳು. “ಅಲ್ಲ, ಎಂಜಿನ್ ಮಾತ್ರ ಅಂತ ಬರೆದಿದೀರಿ. ಬ್ರೇಕ್ ನೋಡಿ ಅಂತ ನಿಮಗೆ ಯಾರು ಹೇಳಿದ್ರು?”

“ಕಣ್ಣಿಗೆ ಬಿತ್ತು.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ದನಿ ಇಳಿಸಿ, “ಕಣ್ಣಿಗೆ ಬಿದ್ದ ಮೇಲೆ ಹೇಳ್ಲೇಬೇಕು ಬಿಡಿ. ನಾವೂ ಹಾಗೇನೆ. ಕೆಮ್ಮು ಅಂತ ಬಂದೋಳ ಎದೇಲಿ ಗಂಟು ಕಂಡ್ರೆ, ಅದು ನನ್ನ ಕೆಲಸ ಅಲ್ಲ ಅಂತ ಸುಮ್ನೆ ಕಳಿಸಕ್ಕಾಗುತ್ತಾ?” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಸಹಜವಾಗಿ ಆಡಿದ ಮಾತು. ಮೇಸ್ತ್ರಿ ಮುಖ ತಿರುಗಿಸಿ ಸ್ಪ್ಯಾನರುಗಳನ್ನು ಜೋಡಿಸತೊಡಗಿದ.

“ಮಂಗಳವಾರ ಬೆಳಿಗ್ಗೆ ತಗೊಂಡು ಹೋಗಿ,” ಎಂದಷ್ಟೇ ಹೇಳಿದ.

ಆ ಮಧ್ಯಾಹ್ನ ಅಂಗಿ ಬದಲಿಸಿ ಬಸ್ಸು ಹತ್ತಿದ. ಊರಿನಲ್ಲಿ ಪೈಪು ಮಾಡುವವರು ಬೇರೆ ಇಬ್ಬರಿದ್ದರು. ಬಸ್ಸು ಅವರ ಅಂಗಡಿಗಳ ಎದುರೇ ಹಾದುಹೋಯಿತು, ಅವನು ಇಳಿಯಲಿಲ್ಲ. ಡಿಪೋದ ಹಿಂದಿನ ಮೂರನೆಯ ಸಾಲು, ನೀಲಿ ಬಾಗಿಲು. ಮನೆಯ ಗುರುತು ಅವನಿಗೆ ಮೊದಲಿನಿಂದ ಗೊತ್ತಿತ್ತು. ಬಾಗಿಲು ತೆರೆದವಳು ತಮ್ಮನ ಹೆಂಡತಿ. ಕೈಯಲ್ಲಿ ಒಗೆಯುವ ಸೋಪಿನ ನೊರೆ. ಅವನನ್ನು ನೋಡಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಭಾವ... ಬನ್ನಿ. ಒಳಗೆ ಬನ್ನಿ.”

“ಇದಾನೇನಮ್ಮಾ?”

“ಹಿತ್ತಲಲ್ಲಿದಾರೆ. ಕರೀತೀನಿ. ಕೂತ್ಕೊಳ್ಳಿ.”

ಅವನು ಕೂರಲಿಲ್ಲ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಬುಟ್ಟಿಯಲ್ಲಿ ಶಾಲೆಯ ಪುಸ್ತಕಗಳಿದ್ದವು. ಮಗಳು ಮನೆಯಲ್ಲಿದ್ದಾಳೋ ಇಲ್ಲವೋ ಎಂದು ಕಿವಿಗೊಟ್ಟ. ಸದ್ದಿಲ್ಲ. ತಮ್ಮ ಒಳಬಂದ. ಕಿವಿಯ ಬಳಿ ಕೂದಲು ನೆರೆತಿತ್ತು, ಹೊಟ್ಟೆ ಸ್ವಲ್ಪ ಬಂದಿತ್ತು. ಅವನು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

“ಒಂದು ಜೀಪಿದೆ,” ಎಂದ ಅಣ್ಣ. “ಬ್ರೇಕು, ಕ್ಲಚ್ಚು, ಎರಡೂ ಪೈಪು ಪೂರಾ ಹೋಗಿದೆ.”

“ಬೇರೆ ಯಾರೂ ಸಿಗಲಿಲ್ವಾ?”

“ಸಿಗ್ತಾರೆ.”

ತಮ್ಮ ಕಾದ. ಅಣ್ಣ ಸೈಕಲ್ಲಿನ ಬುಟ್ಟಿಯ ಕಡೆ ನೋಡಿದ. ಕೊನೆಗೆ, “ಗುಡ್ಡದ ಆಸ್ಪತ್ರೆ ಗಾಡಿ. ಅದರಲ್ಲಿ ಬಸುರಿಯರನ್ನ ಕೂರಿಸ್ಕೊಂಡು ಇಳೀತಾರೆ” ಎಂದ.

“ನಾಳೆ ಮೂರಕ್ಕೆ ಪಾಳಿ ಮುಗಿಯುತ್ತೆ,” ಎಂದ ತಮ್ಮ. “ಬರ್ತೀನಿ. ಗಾಡಿಗೋಸ್ಕರ.”

ಮಾತು ಅಲ್ಲಿಗೆ ಮುಗಿಯಿತು. ತಮ್ಮನ ಹೆಂಡತಿ ತಂದ ನೀರನ್ನು ನಿಂತೇ ಕುಡಿದು ಅವನು ಹೊರಬಿದ್ದ.

ಸೋಮವಾರ ಮೂರೂವರೆಗೆ ತಮ್ಮ ಹೆಗಲಿಗೆ ಚೀಲ, ಕೈಯಲ್ಲಿ ಹೊಸ ಪೈಪಿನ ಸುರುಳಿ ಹಿಡಿದು ಬಂದ. ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ಕಣ್ಣಾಡಿಸಿದ. ಟೈರ್ ಅಂಗಡಿಯವನು ಟೈರು ಉರುಳಿಸುವುದನ್ನು ಬಿಟ್ಟು ಬಾಯಿ ತೆರೆದು ನೋಡಿದ. ಅವತ್ತು ಅವನಿಗೂ ತಮಾಷೆ ಹೊಳೆಯಲಿಲ್ಲ. ತಮ್ಮ ಯಾರ ಕಡೆಗೂ ನೋಡದೆ ಗುಂಡಿಗಿಳಿದ.

ಅವನು ಕೆಲಸ ಮಾಡುವುದನ್ನು ನೋಡುತ್ತ ಅಣ್ಣ ದೀಪ ಹಿಡಿದು ನಿಂತ. ಕೈ ಅದೇ ಕೈ. ಅವಸರವಿಲ್ಲ, ಒಂದು ಸಲ ಹಾಕಿದ ಸ್ಪ್ಯಾನರು ಜಾರುವುದಿಲ್ಲ. ಹಳೆಯ ಪೈಪನ್ನು ಮುರಿಯದೆ ಉದ್ದಕ್ಕೆ ಬಿಡಿಸಿ ತಂದು ನೆಲದ ಮೇಲಿಟ್ಟ. ಅದರ ತಿರುವುಗಳನ್ನು ನೋಡಿ ನೋಡಿ ಹೊಸ ಪೈಪನ್ನು ಹಳೆಯ ಗ್ರೀಸ್ ಡಬ್ಬಿಯ ಸುತ್ತ ಬಗ್ಗಿಸಿದ. ನಟ್ಟು ತೂರಿಸಿ, ತುದಿಯನ್ನು ಹತಾರದಲ್ಲಿ ಕಚ್ಚಿಸಿ ಹೂವಿನ ಬಾಯಿಯ ಹಾಗೆ ಅರಳಿಸಿದ. ಎರಡು ಗಂಟೆಯಲ್ಲಿ ಎರಡೂ ಪೈಪು ಜಾಗಕ್ಕೆ ಕೂತವು.

ಕೊನೆಗೆ ತಮ್ಮ ನೆಲದ ಮೇಲಿನ ಹಳೆಯ ಪೈಪು ಎತ್ತಿಕೊಂಡು, ಉಬ್ಬಿದ ಜಾಗವನ್ನು ಎರಡು ಬೆರಳ ನಡುವೆ ಹಿಡಿದು ಬಗ್ಗಿಸಿದ. ಬಿಸ್ಕತ್ತಿನ ಹಾಗೆ ಮುರಿಯಿತು. ತುಂಡನ್ನು ನೋಡುತ್ತಲೇ, “ಇನ್ನೊಂದು ಇಳಿಜಾರು ಕಾಣ್ತಿರಲಿಲ್ಲ ಇದು. ನೋಡಿ ಹೇಳಿದೆಯಲ್ಲ, ಒಳ್ಳೇದಾಯ್ತು” ಎಂದ. ಹನ್ನೊಂದು ವರ್ಷದಲ್ಲಿ ಅಣ್ಣನಿಗೆ ಅವನು ಆಡಿದ ಮೊದಲ ಒಳ್ಳೆಯ ಮಾತು.

ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ.

“ವ್ಯಾನಿಂದೂ ನೋಡಿದ್ದೆ,” ಎಂದ.

“ಏನು?”

“ಬ್ರೆಡ್ ವ್ಯಾನು. ಆಯಿಲ್ ಬದಲಾಯಿಸೋಕೆ ಬಂದಿತ್ತು. ನೀನಿರಲಿಲ್ಲ ಅವತ್ತು, ಮಗೂಗೆ ಜ್ವರ. ಹಿಂದಿನ ಬಲಚಕ್ರದ ಮೇಲೆ ಹೀಗೇ ಉಬ್ಬಿತ್ತು. ಕಣ್ಣಾರೆ ನೋಡಿದೆ. ನಿಂಗೆ ಹೇಳ್ಬೇಕು ಅಂದ್ಕೊಂಡೆ. ಹೇಳ್ಲಿಲ್ಲ.”

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ತಮ್ಮ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ನೋಡಿದ.

“ಇನ್ಸ್‌ಪೆಕ್ಟರು ಕೇಳ್ದಾಗ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಕೋರ್ಟಿಗೆ ಅಲೀತಿದ್ದಾಗ?”

“ಗೊತ್ತಿತ್ತು.”

“ನೀನು ನನ್ನ ಕಡೆ ಬೆರಳು ತೋರಿಸಿದ್ದು ನಂಗೆ ದೊಡ್ಡದಾಗಿರಲಿಲ್ಲ ಅಣ್ಣ.” ತಮ್ಮನ ದನಿ ಏರಲಿಲ್ಲ. “ಭಯಕ್ಕೆ ಅಂದಿದಾನೆ ಅಂದ್ಕೊಂಡೆ. ಆದ್ರೆ ಈ ಹನ್ನೊಂದು ವರ್ಷ ನಾನೇನು ಮಾಡ್ತಿದ್ದೆ ಗೊತ್ತಾ? ಲೈನಿಂಗ್ ಹಾಕಿದ ದಿನ ನಾನು ಆ ಪೈಪಿನ ಮೇಲೆ ಕೈ ಆಡಿಸಿದ್ನಾ ಇಲ್ವಾ, ಕ್ಲಿಪ್ಪಿನಡಿ ದೀಪ ಹಿಡಿದಿದ್ನಾ ಇಲ್ವಾ, ಅದೇ. ಊಟಕ್ಕೆ ಕೂತ್ರೆ ಅದೇ. ಮಗಳು ಏನೋ ಕೇಳ್ತಿದ್ರೆ ಅವಳ ಮುಖ ನೋಡ್ತಾ ಅದೇ. ಡಿಪೋದಲ್ಲಿ ಒಂದೊಂದು ಬಸ್ಸನ್ನ ಮೂರು ಸಲ ನೋಡ್ತೀನಿ, ನಂಗೆ ಹುಚ್ಚು ಅಂತಾರೆ ಅಲ್ಲಿ.”

“ನೀನೂ ನೋಡಿರಲಿಲ್ವಾ?”

“ಅದೇ ನೆನಪಿಲ್ಲ ನಂಗೆ! ನೀನು ಬಾಯಿಬಿಟ್ಟಿದ್ರೆ ಇಬ್ಬರೂ ಸೇರಿ ಹೊರ್ತಿದ್ವಿ.”

ಅವನು ತುಂಡನ್ನು ಕೆಳಗಿಟ್ಟು ಹೊರಗಿನ ನಲ್ಲಿಯ ಹತ್ತಿರ ಹೋದ. ಸೋಪು ಹಚ್ಚಿ ಮೊಣಕೈ ತನಕ ತೊಳೆದ. ಅಂಗಳದಲ್ಲಿ ಆಕಡೆ ಮುಖ ಮಾಡಿ ನಿಂತ. ಹೊರಟೇಹೋಗುತ್ತಾನೆ ಎಂದುಕೊಂಡ ಮೇಸ್ತ್ರಿ. ಎಷ್ಟು ಹೊತ್ತಾಯಿತೋ, ತಮ್ಮ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸುತ್ತ ಒಳಬಂದ. ಚೀಲದಿಂದ ಒಂದು ಸೀಸೆ, ಒಂದು ತೆಳು ಪ್ಲಾಸ್ಟಿಕ್ ನಳಿಗೆ ತೆಗೆದ.

“ಸೀಟಲ್ಲಿ ಕೂತ್ಕೋ,” ಎಂದ. “ಏರ್ ತೆಗೀಬೇಕು.”

ಹೊಸ ಪೈಪು ಹಾಕಿದ ಮೇಲೆ ಅದರೊಳಗಿನ ಗಾಳಿಯನ್ನು ಪೂರ್ತಿ ಹೊರಹಾಕಬೇಕು. ಗುಳ್ಳೆಯೊಂದು ಉಳಿದರೂ ಪೆಡಲು ಮೆತ್ತಗಾಗಿ ಬ್ರೇಕು ಹಿಡಿಯುವುದಿಲ್ಲ. ಒಬ್ಬ ಮೇಲೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬ ಚಕ್ರದ ಹಿಂದೆ ಕೂತು ನಿಪ್ಪಲ್ ಎಂಬ ಗಾಳಿ ಬಿಡುವ ಸಣ್ಣ ಸ್ಕ್ರೂ ಬಿಚ್ಚಿ ಮುಚ್ಚಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕಾಲಿಗೂ ಕೈಗೂ ಮಾತಿನಲ್ಲೇ ಹೊಂದಿಕೆ.

“ಒತ್ತು,” ಎಂದ ತಮ್ಮ ಕೆಳಗಿನಿಂದ.

“ಒತ್ತಿದೆ.”

“ಹಿಡಿ.”

“ಹಿಡಿದೆ.”

ಪೆಡಲು ಕಾಲಡಿ ಮೆಲ್ಲಗೆ ಕುಸಿಯಿತು. ಸೀಸೆಯಲ್ಲಿ ಗುಳುಗುಳು ಸದ್ದು.

“ಬಿಡು.”

“ಬಿಟ್ಟೆ.”

ಹಿಂದಿನ ಎಡಚಕ್ರ, ಹಿಂದಿನ ಬಲಚಕ್ರ, ಮುಂದಿನದು ಒಂದು, ಮತ್ತೊಂದು, ಆಮೇಲೆ ಕ್ಲಚ್ಚು. ಒತ್ತು, ಹಿಡಿ, ಬಿಡು. ಮುಕ್ಕಾಲು ಗಂಟೆ ಆ ಮೂರೇ ಮಾತು. ಮೇಸ್ತ್ರಿ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಎದುರಿನ ಗೋಡೆ ನೋಡುತ್ತ ಕೂತಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೆಳಗಿನವನಿಗೆ ಕಾಣುವಂತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು, ದನಿಯನ್ನು ಅವನು ಸರಿಯಾಗಿಟ್ಟುಕೊಂಡಿದ್ದ. ಕೊನೆಯ ಹೊತ್ತಿಗೆ ಪೆಡಲು ಕಾಲಡಿ ಕಲ್ಲಿನ ಹಾಗೆ ಗಟ್ಟಿ ನಿಂತಿತು.

ತಮ್ಮ ಹತಾರಗಳನ್ನು ಒಂದೊಂದೇ ಒರೆಸಿ ಚೀಲಕ್ಕೆ ಹಾಕಿದ. ಬಾಗಿಲ ಹತ್ತಿರ ಹೋಗಿ ತಿರುಗಿದ.

“ವ್ಯಾನಿನವನಿಗೆ ಹೇಳಿದೀಯಾ?”

“ಇಲ್ಲ.”

“ಅವನಿಗೆ ಹೇಳು ಮೊದ್ಲು. ನಂಗಲ್ಲ,” ಎಂದು ಹೊರಟುಹೋದ.

ಮಂಗಳವಾರ ಸಿಸ್ಟರ್ ಬಂದು ಗೇಟಿನ ತನಕ ಎರಡು ಸಲ ಓಡಿಸಿ ಎರಡು ಸಲ ಗಕ್ಕನೆ ನಿಲ್ಲಿಸಿ, “ಅಬ್ಬಾ, ಹಲ್ಲು ಸೆಟ್ಟು ಕೈಗೆ ಬರೋ ಹಾಗಿದೆ!” ಎಂದು ನಕ್ಕು ಗುಡ್ಡದ ದಾರಿ ಹಿಡಿದಳು. ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕಿ ಮಾರುಕಟ್ಟೆಯ ಕಡೆ ನಡೆದ.

ವ್ಯಾನಿನ ಡ್ರೈವರು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಸೈಕಲ್ ಸ್ಟ್ಯಾಂಡ್ ನೋಡಿಕೊಂಡಿದ್ದ. ಮೇಸ್ತ್ರಿ ಆ ಬೀದಿ ತುಳಿದು ಹನ್ನೊಂದು ವರ್ಷವಾಗಿತ್ತು. ಡ್ರೈವರು ಮರದ ಗೂಡಿನಂಥ ಕಿಟಕಿಯೊಳಗೆ ಕೂತು ಚೀಟಿ ಹರಿಯುತ್ತಿದ್ದ. ಊರುಗೋಲು ಪಕ್ಕಕ್ಕೆ ಒರಗಿತ್ತು. ಮೇಸ್ತ್ರಿ ಕಿಟಕಿಯ ಎದುರು ನಿಂತು, ಹಿಂದೆ ಸೈಕಲ್ ಹಿಡಿದವರು ಕಾಯುತ್ತಿದ್ದರೂ ಸರಿಯದೆ, ಎಲ್ಲವನ್ನೂ ಹೇಳಿದ. ಬೆಣ್ಣೆ ಹಚ್ಚಲಿಲ್ಲ, ಕಾರಣ ಕೊಡಲಿಲ್ಲ.

ಡ್ರೈವರು ಕೇಳಿದ ಮೊದಲ ಮಾತು: “ಯಾವ ಕಡೆ ಅಂದ್ರಿ?”

“ಬಲಗಡೆ. ಹಿಂದಿನ ಚಕ್ರದ ಮೇಲೆ.”

ಡ್ರೈವರು ತಲೆಯಾಡಿಸಿದ. ಪೈಪು ಒಡೆದದ್ದು ಎಲ್ಲೆಂದು ಅವನಿಗೂ ಗೊತ್ತಿತ್ತು, ಲೆಕ್ಕ ತಾಳೆಯಾದ ಹಾಗೆ ಕಂಡಿತು. ಚೀಟಿಯ ಪುಸ್ತಕವನ್ನು ಮುಚ್ಚಿಟ್ಟ. ಆಮೇಲೆ, “ನಾನು ಆಸ್ಪತ್ರೇಲಿದ್ದಾಗ ನಿಮ್ಮ ತಮ್ಮ ಮೂರು ಸಲ ಬಂದಿದ್ದ. ಮೂರು ಸಲಾನೂ ನಮ್ಮ ಮನೆಯವಳು ಬೈದು ಕಳಿಸಿದ್ಲು. ಒಂದು ಸಲ ಚಪ್ಪಲೀನೂ ಎತ್ತಿದ್ಲು” ಎಂದ.

ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ.

“ಹೋಗಿ ಈಗ,” ಎಂದ ಡ್ರೈವರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಜನ ಕಾಯ್ತಿದಾರೆ. ನಾನು ಇವತ್ತು ಮನೇಲಿ ಹೇಳ್ಬೇಕು ಇದನ್ನ.”

ಅದಾಗಿ ಒಂದು ತಿಂಗಳು ಕಳೆಯಿತು. ತಮ್ಮ ಬರಲಿಲ್ಲ. ಬರುತ್ತಾನೆಂದು ಮೇಸ್ತ್ರಿ ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಆದರೂ ಮಧ್ಯಾಹ್ನ ಮೂರೂವರೆಯಾದರೆ ಕೆಲಸದ ನಡುವೆ ತಲೆ ಒಮ್ಮೆ ಬಾಗಿಲ ಕಡೆ ತಿರುಗುತ್ತಿತ್ತು. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಅವನಿಗೆ ಆದದ್ದು ಬೇರೆ. ಹನ್ನೊಂದು ವರ್ಷ ಆ ಗುಟ್ಟೇ ಅವನ ಜೊತೆಗಾರನಾಗಿತ್ತು. ಈಗ ಅದೂ ಇಲ್ಲದೆ ಕೋಣೆ ಇನ್ನಷ್ಟು ಖಾಲಿಯಾಯಿತು.

ಒಂದು ದಿನ ಅವನೇ ಡಿಪೋಗೆ ಹೋದ. ಊಟದ ಬಿಡುವಿನ ಹೊತ್ತು. ಗೇಟಿನವನ ಕೈಲಿ ಹೇಳಿಕಳಿಸಿ ಹೊರಗಿನ ಕಲ್ಲಿನ ಬೆಂಚಿನ ಮೇಲೆ ಕೂತ. ತಮ್ಮ ಊಟದ ಡಬ್ಬಿ ಹಿಡಿದುಕೊಂಡೇ ಬಂದು ಬೆಂಚಿನ ಆ ತುದಿಗೆ ಕೂತ.

“ಹೇಳ್ದೆ ಅವನಿಗೆ,” ಎಂದ ಅಣ್ಣ.

“ಗೊತ್ತು. ಅವನ ಹೆಂಡ್ತಿ ಮನೆಗೆ ಬಂದಿದ್ಲು.”

“ಏನಂದ್ಲು?”

“ಏನೂ ಅನ್ನಲಿಲ್ಲ. ಇವಳ ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತಿದ್ದು ಹೋದ್ಲು.” ತಮ್ಮ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದ. “ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ನಂಗೆ. ಹೋಗಿದೆ ಅಂದ್ಕೋಬೇಡ.”

“ಇಲ್ಲ, ಅಂದ್ಕೊಂಡಿಲ್ಲ.”

ಇಬ್ಬರೂ ಒಳಹೋಗುವ ಬಸ್ಸುಗಳನ್ನು ನೋಡುತ್ತ ಕೂತರು. ಒಂದು ಬಸ್ಸಿನ ಎಂಜಿನ್ ಸರಿಯಿರಲಿಲ್ಲ; ಅಣ್ಣನಿಗೆ ಹೇಳಬೇಕೆನಿಸಿ ಸುಮ್ಮನಾದ. ತಮ್ಮನೇ, “ಅದರ ಇಂಜೆಕ್ಟರ್ ಹೋಗಿದೆ ಅಲ್ವಾ?” ಎಂದ. “ಮೂರನೇದು,” ಎಂದ ಅಣ್ಣ. ಸ್ವಲ್ಪ ಹೊತ್ತಿನ ಮೇಲೆ, “ಮಗಳು ಎಷ್ಟೆತ್ತರ ಆಗಿದಾಳೆ?” ಎಂದು ಕೇಳಿದ. ತಮ್ಮ ಕೂತಲ್ಲಿಂದ ಎದ್ದು ನಿಂತು, ಅಂಗೈಯನ್ನು ತನ್ನ ಕಿವಿಯ ಮಟ್ಟಕ್ಕೆ ಹಿಡಿದು ತೋರಿಸಿದ. ಅಷ್ಟರಲ್ಲಿ ಒಳಗೆ ಸೈರನ್ ಕೂಗಿತು. ಎದ್ದವನು ಮತ್ತೆ ಕೂರಲಿಲ್ಲ.

“ಬರೋ ವಾರಾನೂ ನಂಗೆ ಬೆಳಗಿನ ಪಾಳೀನೆ, ಮೂರಕ್ಕೆ ಮುಗಿಯುತ್ತೆ,” ಎಂದ ಡಬ್ಬಿ ಎತ್ತಿಕೊಳ್ಳುತ್ತ.

ಅದು ಬಾ ಎಂದದ್ದೋ, ಬರುತ್ತೇನೆ ಎಂದದ್ದೋ, ಬರೀ ಪಾಳಿಯ ಸುದ್ದಿಯೋ, ಮೇಸ್ತ್ರಿಗೆ ತಿಳಿಯಲಿಲ್ಲ. ಕೇಳಿ ಕೆಡಿಸುವುದು ಬೇಡವೆಂದು “ಹೂಂ” ಎಂದಷ್ಟೇ ಹೇಳಿದ. ತಮ್ಮ ಗೇಟು ದಾಟಿ ಬಸ್ಸುಗಳ ನಡುವೆ ಮರೆಯಾದ ಮೇಲೂ ಅವನು ಬೆಂಚಿನ ಮೇಲೆ ಕೂತೇ ಇದ್ದ. ಬಿಸಿಲು ಕಾಲಿನ ತನಕ ಬಂದಾಗ ಎದ್ದು ರಸ್ತೆ ದಾಟಿ, ತನ್ನ ಕಡೆಯ ಬಸ್ಸಿಗೆ ನಿಂತ.